ನಮ್ಮ ಪಠ್ಯಪುಸ್ತಕ ಪೆನ್‌ಡ್ರೈವ್‌ನಲ್ಲಿತ್ತು

ಡಿಜಿಟಲ್ ಮೀಡಿಯಾ ತರಗತಿಯಲ್ಲಿ ನಮಗೆ ಅಚ್ಚಾದ ಪುಸ್ತಕ ಇರಲಿಲ್ಲ. ಸಿಗುತ್ತಿದ್ದವೆಲ್ಲ ಇಂಗ್ಲಿಷಿನವು, ದುಬಾರಿ ಬೇರೆ. ಅಂಕೋಲಾ, ಕದ್ರಾ, ಸದಾಶಿವಗಡದ ಕಡೆಯಿಂದ ಬಸ್ಸು ಹಿಡಿದು ಕಾರವಾರಕ್ಕೆ ಬರುತ್ತಿದ್ದ ನಮ್ಮಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಓದಿದವರು. ಮೇಡಂ ತಾವೇ ಮಾಡಿದ ರೆಕಾರ್ಡಿಂಗುಗಳನ್ನು ಪೆನ್‌ಡ್ರೈವ್‌ಗೆ ತುಂಬಿ, ಈ ವರ್ಷ ಇದೇ ನಿಮ್ಮ ಪುಸ್ತಕ ಅಂದರು.

ಪಾಠ ಇತ್ತು, ಮಾತುಕತೆ ಇತ್ತು, ಬರೀ ಸದ್ದುಗಳೂ ಇದ್ದವು. ಬೈತಖೋಲ ಬಂದರಿನ ಬೆಳಗಿನ ಗದ್ದಲ, ಕಾಳಿ ಸೇತುವೆ ಮೇಲೆ ಲಾರಿ ಓಡುವುದು, ಟಾಗೋರ್ ಕಡಲತೀರದಲ್ಲಿ ಮೈಕಿಗೆ ಗಾಳಿ ಬಡಿದು ಮಾತೇ ಕೇಳದ ಒಂದು ಸಂದರ್ಶನ, ಆಮೇಲೆ ಅದೇ ಜಾಗದಲ್ಲಿ ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿ, ಗಾಳಿಗೆ ಬೆನ್ನು ಕೊಟ್ಟು ನಿಂತು ಮಾಡಿದ್ದು. ಎರಡನ್ನೂ ಒಂದಾದ ಮೇಲೆ ಒಂದು ಕೇಳಿದರೆ ಪಾಠ ಮುಗೀತು.

ನನಗೆ ಜಾಸ್ತಿ ಹಿಡಿಸಿದ್ದು ಗುಮಟೆಯ ಪಾಠ. ಗುಮಟೆ ಅಂದರೆ ನಮ್ಮ ಕಡೆಯ ಹಾಲಕ್ಕಿ ಸಮುದಾಯದವರು ಬಾರಿಸುವ, ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ವಾದ್ಯ. ಅದನ್ನು ಮೇಡಂ ಎರಡು ಥರ ರೆಕಾರ್ಡ್ ಮಾಡಿದ್ದರು. ಒಂದರಲ್ಲಿ ಬೇಕಂತಲೇ ಲೆವೆಲ್, ಅಂದರೆ ರೆಕಾರ್ಡರ್ ದನಿ ಹಿಡಿಯುವ ಮಟ್ಟ, ಏರಿಸಿದ್ದರಿಂದ ಪೆಟ್ಟು ಬಿದ್ದಾಗಲೆಲ್ಲ ದನಿ ಒಡೆದು ಕರಕರ ಅನ್ನುತ್ತಿತ್ತು. ಇನ್ನೊಂದರಲ್ಲಿ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಳಿಸಿದ್ದರು, ಆ ಮಣ್ಣಿನ ಗಡಿಗೆಯೊಳಗೆ ಗುಂಯ್ ಅಂತ ಸುತ್ತುವ ನಾದವೂ ಕಿವಿಗೆ ಬೀಳುತ್ತಿತ್ತು. ಆಡಾಸಿಟಿ ಅನ್ನುವ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದರೆ ಮೊದಲನೆಯದರ ಅಲೆಗಳ ತುದಿ ಚಪ್ಪಟೆ. ಸಾಮಾನ್ಯ ಡಿಜಿಟಲ್ ರೆಕಾರ್ಡರಿನಲ್ಲಿ ಸೊನ್ನೆ ಡೆಸಿಬೆಲ್‌ಗಿಂತ ಮೇಲೆ ಜಾಗವೇ ಇಲ್ಲ, ಅದನ್ನು ದಾಟಿದ್ದು ಕಳೆದುಹೋದಂತೆಯೇ. ಇದನ್ನು ಓದಿ ಬಾಯಿಪಾಠ ಮಾಡಬಹುದಿತ್ತು, ಆದರೆ ಒಡೆದ ದನಿಯನ್ನು ಒಮ್ಮೆ ಕೇಳಿದವರು ಲೆವೆಲ್ ನೋಡದೆ ರೆಕಾರ್ಡ್ ಬಟನ್ ಒತ್ತುವುದಿಲ್ಲ.

ಒಂದು ತೊಡಕಿತ್ತು. ಈ ಪುಸ್ತಕಕ್ಕೆ ಪುಟಗಳಿಲ್ಲ. ಪರೀಕ್ಷೆಯ ಹಿಂದಿನ ದಿನ ಸುಮ್ನೆ ತಿರುವಿ ಹಾಕೋಣ ಅಂದರೆ ಆಗದು, 40 ನಿಮಿಷದ ಮಾತಿಗೆ 40 ನಿಮಿಷ ಕೂರಲೇಬೇಕು. ಅದಕ್ಕೇ ಮೇಡಂ ಪರಿವಿಡಿಯನ್ನು ನಮ್ಮಿಂದಲೇ ಬರೆಸಿದರು. ಯಾವ ಫೈಲು, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಯಾರ ಮಾತು, ಏನು ವಿಷಯ. ಕೊಂಕಣಿ ಬಂದಲ್ಲಿ ಅದು ಮನೆಮಾತಾಗಿದ್ದ ಗೆಳತಿಯರು ಕನ್ನಡದಲ್ಲಿ ಎರಡು ಸಾಲು ಬರೆದು ಸೇರಿಸುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡು ಹಿಂದೆ ಮುಂದೆ ಓಡಿಸುತ್ತಾ, ಮಾತಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಕತ್ತರಿಸಬಹುದು, ಎಲ್ಲಿ ಕತ್ತರಿಸಿದರೆ ಅವರು ಹೇಳಿದ ಅರ್ಥವೇ ತಿರುಗಿಬಿಡುತ್ತದೆ ಅನ್ನುವುದು ನಮಗೆ ಗೊತ್ತಾಗಿದ್ದು ಆ ಕೆಲಸದಲ್ಲಿ. ಈಗ ಎಡಿಟಿಂಗೇ ನನ್ನ ಹೊಟ್ಟೆಪಾಡು. ಕಲಿತದ್ದು ಅಲ್ಲಿಯೇ.

ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿಯಿತು. ಅದರ ಮೇಲೆ ಲಾರಿ ಧಡಧಡ ದಾಟುವ ಸದ್ದು ನಮ್ಮ ಪುಸ್ತಕದಲ್ಲಿದೆ. ಹಾಲಕ್ಕಿ ಹಾಡುಗಾರ್ತಿ, ಅಂಕೋಲಾದ ಪದ್ಮಶ್ರೀ ಸುಕ್ರಿ ಬೊಮ್ಮಗೌಡ 2025ರಲ್ಲಿ ತೀರಿಕೊಂಡರು. ಹಾಡಿನ ಸಾಲನ್ನು ಅಚ್ಚು ಹಾಕಬಹುದು, ಅವರು ಎಳೆಯುತ್ತಿದ್ದ ದನಿಯನ್ನು ಅಚ್ಚು ಹಾಕಲು ಬರುತ್ತದಾ? ಇಂಥ ದನಿ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ ಅಲ್ವಾ.

ಈಗ ಆ ತರಗತಿಯಲ್ಲಿ ಓದುತ್ತಿರುವವರಲ್ಲಿ ಒಂದು ಕೇಳಿಕೆ. ಆ ಸಂಗ್ರಹಕ್ಕೆ ನಿಮ್ಮ ಊರಿನ ರೆಕಾರ್ಡಿಂಗುಗಳನ್ನೂ ಸೇರಿಸಿ, ಮಾತಾಡಿದವರ ಒಪ್ಪಿಗೆ ಕೇಳಿಯೇ. ಮೂಲವನ್ನು ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲಿನಲ್ಲೇ ಇಡಿ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ, ಹಿಡಿಯಲಿ. ಎಂಪಿತ್ರೀ ಮಾಡಿದರೆ ಚಿಕ್ಕದಾಗುತ್ತದೆ ನಿಜ, ಆದರೆ ಬಿಟ್ಟುಹೋದ ದನಿ ವಾಪಸ್ ಬರುವುದಿಲ್ಲ. ಪರಿವಿಡಿಯನ್ನು ಮಾತ್ರ ಅದೇ ದಿನ ಬರೆದು ಮುಗಿಸಿ, ಇನ್ನೊಂದು ಕಾಪಿ ಗ್ರಂಥಾಲಯದಲ್ಲಿ ಕೊಟ್ಟಿಡಿ.