ಜಯಲಕ್ಷ್ಮೀ ವಿಲಾಸದ ಹಳೇ ಫೋಟೊಗಳು: ಕೆಲಸ ಎಲ್ಲಿಗೆ ಬಂತು

ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಹಳೇ ಫೋಟೊ, ಕಾಗದಪತ್ರಗಳನ್ನು ಕೂಡಿಹಾಕುವ ನಮ್ಮ ಕೆಲಸ ಈ ಮಳೆಗಾಲದಲ್ಲಿ ಒಳ್ಳೇ ಓಟ ಕಂಡಿದೆ. ಹಳೇ ವಿದ್ಯಾರ್ಥಿಗಳ ಮನೆಯಿಂದ ಆಲ್ಬಮ್ ತರುತ್ತೇವೆ, ಸ್ಕ್ಯಾನ್ ಮಾಡುತ್ತೇವೆ, ಮೂಲವನ್ನು ಜೋಪಾನವಾಗಿ ವಾಪಸ್ ಕೊಡುತ್ತೇವೆ. ಪ್ರತಿಗಳನ್ನು ವಿವರದ ಸಮೇತ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು ಅನ್ನೋದು ಆಸೆ. ಸ್ಕ್ಯಾನ್ ಮಾಡೋದು ಸುಲಭ. ಯಾರು, ಎಲ್ಲಿ, ಯಾವಾಗ ಅಂತ ಕಂಡುಹಿಡಿಯೋದಕ್ಕೇ ಜಾಸ್ತಿ ಸಮಯ ಹೋಗುತ್ತದೆ.

ಈ ಸಲ ಪೂರ್ತಿ ಗಮನ ಜಯಲಕ್ಷ್ಮೀ ವಿಲಾಸದ ಮೇಲೆ. ಹೊಸಬರಿಗೆ ಎರಡು ಮಾತು. ಇದು 1905ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ. ಅವರ ಪತಿ ಸರ್ ಎಂ. ಕಾಂತರಾಜ ಅರಸರು ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದರು. ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ವಿಶ್ವವಿದ್ಯಾಲಯ ಇದನ್ನು ಕೊಂಡುಕೊಂಡಿತು. ಸ್ನಾತಕೋತ್ತರ ಕೇಂದ್ರಕ್ಕೆ ಜಾಗ ಬೇಕಿತ್ತು. ಕುಕ್ಕರಹಳ್ಳಿ ಕೆರೆಯ ಪಕ್ಕದ ಆ ನೆಲಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಕುವೆಂಪು ಅವರೇ. ಮುಂದೆ ಜಾನಪದ ವಸ್ತುಸಂಗ್ರಹಾಲಯ ಇಲ್ಲಿಗೆ ಬಂತು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರೂ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಅದಕ್ಕಾಗಿ ದುಡಿದ ಕಥೆ ಮೈಸೂರಿನವರಿಗೆ ಗೊತ್ತೇ ಇದೆ.

ರಾಜಮನೆತನದ ಕಾಲದ ಸಂಗತಿಗಳು ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಅರಮನೆ ಪಾಠಶಾಲೆಯಾಗಿ, ವಸ್ತುಸಂಗ್ರಹಾಲಯವಾಗಿ ಬದುಕಿದ ವರ್ಷಗಳ ಗುರುತು ಇರೋದು ಜನರ ಮನೆಯ ಬೀರುಗಳಲ್ಲಿ. ನಮಗೆ ಬೇಕಾಗಿರೋದು ಅದು.

ಈಗ ಕೈಯಲ್ಲಿರೋದು ಜಾನಪದ ವಿಭಾಗದ ಹಳೇ ವಿದ್ಯಾರ್ಥಿನಿಯೊಬ್ಬರ ಆಲ್ಬಮ್. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಜಾತಿಯದು. ಆ ಅಂಟು ಕಾಲ ಕಳೆದಂತೆ ಹಳದಿಯಾಗಿ ಫೋಟೊದ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ಉಗುರು ಹಾಕಿ ಎಬ್ಬಿಸಿದರೆ ಫೋಟೊ ಹರಿಯುವುದು ಖಂಡಿತ. ಹಲ್ಲುಸಂದಿ ಶುಚಿ ಮಾಡುವ ದಾರ ಬರುತ್ತದಲ್ವಾ, ಮೇಣ ಹಚ್ಚದೇ ಇರುವುದು, ಅದನ್ನು ಮೂಲೆಯಿಂದ ಒಳಗೆ ತೂರಿಸಿ, ಎರಡೂ ತುದಿ ಹಿಡಿದು, ಗರಗಸದ ಹಾಗೆ ನಿಧಾನ ಆಡಿಸಬೇಕು. ಬಂದರೆ ಸರಿ. ಬರಲಿಲ್ಲ ಅಂದರೆ ಬಲವಂತ ಬೇಡ, ಹಾಳೆ ಸಮೇತ ಸ್ಕ್ಯಾನ್ ಮಾಡಿಬಿಡುವುದು. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಟಿಫ್ ಅನ್ನೋ ಬಗೆಯ ಫೈಲು. ಫೋಟೊದ ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡುತ್ತೇವೆ. ಸ್ಟುಡಿಯೊ ಸೀಲು, ಪೆನ್ಸಿಲ್ಲಿನಲ್ಲಿ ಬರೆದ ಒಂದು ಹೆಸರು, ಇಂಥದ್ದೆಲ್ಲ ಇರೋದು ಅಲ್ಲೇ.

ಈ ಆಲ್ಬಮ್ಮಿನ ಒಂದು ಫೋಟೊ ನನ್ನನ್ನು ತುಂಬಾ ಹಿಡಿದು ನಿಲ್ಲಿಸಿತು. ಮುಂಬಾಗಿಲ ಮೆಟ್ಟಿಲ ಮೇಲೆ ತರಗತಿಯವರೆಲ್ಲ ನಿಂತಿದ್ದಾರೆ. ಹಿಂದೆ ಜೋಡಿ ಕಂಬಗಳು, ಕಂಬದ ತಲೆಯ ಮೇಲಿನ ಗಾರೆ ಕೆತ್ತನೆ ಒಂದು ಎಳೆಯೂ ಮುಕ್ಕಾಗಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿಯಲ್ಲಿ ಅಧ್ಯಾಪಕರು. ಎಡ ತುದಿಯಲ್ಲಿ, ಸಾಲಿನಿಂದ ಒಂದು ಹೆಜ್ಜೆ ದೂರ, ಖಾಕಿ ಅಂಗಿಯ ಒಬ್ಬರು. ಕೈಯಲ್ಲಿ ಬೀಗದ ಕೈ ಗೊಂಚಲು. ಕೆಳಗಿನ ಪಟ್ಟಿಯಲ್ಲಿ ಎಲ್ಲರ ಹೆಸರಿದೆ, ಅವರದ್ದು ಮಾತ್ರ ಇಲ್ಲ.

ಆಲ್ಬಮ್ ಕೊಟ್ಟ ಮೇಡಂಗೆ ಫೋನ್ ಮಾಡಿದೆ. "ಅಯ್ಯೋ, ಅವರು ನಮಗೆಲ್ಲ ಅಣ್ಣ ಆಗಿದ್ರು ಕಣಪ್ಪ. ಅಣ್ಣ ಅಂತಲೇ ಕರೀತಿದ್ವಿ, ಹೆಸರು ಕೇಳೇ ಇಲ್ಲ" ಅಂದರು. ಅವರೇ ಇನ್ನೊಬ್ಬರ ನಂಬರ್ ಕೊಟ್ಟರು. ಅಲ್ಲಿಂದ ಮತ್ತೊಬ್ಬರು. ಕೊನೆಗೆ ಪಡುವಾರಹಳ್ಳಿಯಲ್ಲಿರುವ ಹಿರಿಯರೊಬ್ಬರು, ಅದೇ ಕಾಲದಲ್ಲಿ ಕೆಲಸಕ್ಕಿದ್ದವರು, ಫೋಟೊ ಕೈಗೆ ತಗೊಂಡ ಕೂಡಲೇ ಹೆಸರು, ಊರು ಎರಡೂ ಹೇಳಿದರು. ಮಳೆಗಾಲದಲ್ಲಿ ವಸ್ತುಸಂಗ್ರಹಾಲಯದ ತೊಗಲುಗೊಂಬೆಗೆ ಥಂಡಿ ಹಿಡಿಯಬಾರದು ಅಂತ ಅವುಗಳನ್ನು ಗೋಡೆಯಿಂದ ದೂರ ಇಟ್ಟು ಗಾಳಿಗೆ ಬಿಡುತ್ತಿದ್ದದ್ದು, ಬಿಸಿಲಿಗೆ ಇಟ್ಟರೆ ಮುದುರಿಕೊಳ್ಳುತ್ತವೆ ಅಂತ ನೆರಳಲ್ಲೇ ಆರಿಸುತ್ತಿದ್ದದ್ದು, ಯಕ್ಷಗಾನದ ಕಿರೀಟಗಳ ಧೂಳನ್ನು ಮೆತ್ತನೆ ಬ್ರಷ್ಷಿನಲ್ಲಿ ತೆಗೆಯುತ್ತಿದ್ದದ್ದು, ಎಲ್ಲವನ್ನೂ ಬಿಡಿಸಿ ಹೇಳಿದರು. ಒಪ್ಪಿಗೆ ಪಡೆದು ಅವರ ಮಾತನ್ನು ರೆಕಾರ್ಡ್ ಮಾಡಿದ್ದೇವೆ. ಮನೆಯವರು ಒಪ್ಪಿದ ಮೇಲೆ ಬೀಗದ ಕೈ ಹಿಡಿದ ಆ ಅಣ್ಣನ ಹೆಸರೂ ವಿವರದಲ್ಲಿ ಸೇರುತ್ತದೆ.

ಇದಾದ ಮೇಲೆ ನಮ್ಮ ವಿವರದ ಪಟ್ಟಿಯನ್ನೇ ಬದಲಾಯಿಸಿದೆವು. ಅಟೆಂಡರ್, ಮಾಲಿ, ಗಾರೆ ಕೆಲಸದವರು, ಬಡಗಿ, ಇವರಿಗೆಲ್ಲ ಪ್ರತ್ಯೇಕ ಜಾಗ ಮಾಡಿದ್ದೇವೆ. ಕಟ್ಟಡ ಉಳಿದಿರೋದು ಇವರ ಕೈಯಿಂದ. ಪ್ರಾಧ್ಯಾಪಕರ ಹೆಸರು ಹೇಗಾದರೂ ಸಿಗುತ್ತದೆ, ಇವರದ್ದು ಈಗ ಬರೆದುಕೊಳ್ಳದಿದ್ದರೆ ಇನ್ನು ಸಿಗೋದಿಲ್ಲ.

ಇಸವಿ ಗುರುತಿಸೋಕೆ ಕಟ್ಟಡವೇ ಸಹಾಯ ಮಾಡುತ್ತದೆ. 2000ರ ದಶಕದ ಮೊದಲಲ್ಲಿ ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ ಇಲ್ಲಿ ದೊಡ್ಡ ದುರಸ್ತಿ ನಡೆಯಿತು. ಹಾಗಾಗಿ ಮೊದಲು ಎರಡು ರಾಶಿ: ದುರಸ್ತಿಗೆ ಮುಂಚಿನದು, ನಂತರದ್ದು. ಕಲ್ಯಾಣ ಮಂಟಪದ ಬಣ್ಣದ ಗಾಜು, ಬಾಗಿಲುಗಳ ಬಣ್ಣ, ಗಾರೆಯ ಸ್ಥಿತಿ ನೋಡಿ ಆಮೇಲೆ ಸಣ್ಣದಾಗಿ ವಿಂಗಡಿಸುತ್ತೇವೆ. ಮುಂದೆ ಯಾರಾದರೂ ಕಂಬದ ಕೆತ್ತನೆ ಸರಿಮಾಡಲು ಹೊರಟರೆ, ಮೊದಲು ಹೇಗಿತ್ತು ಅನ್ನೋದಕ್ಕೆ ಇಂಥ ಗ್ರೂಪ್ ಫೋಟೊಗಳೇ ಆಧಾರ. ಆದ್ದರಿಂದ ಹಿನ್ನೆಲೆಯಲ್ಲಿ ಕಾಣುವ ಕಟ್ಟಡದ ಭಾಗವನ್ನೂ ಪ್ರತಿ ಫೋಟೊಗೆ ಬರೆಯುತ್ತಿದ್ದೇವೆ.

ನಿಮ್ಮ ಮನೆಯಲ್ಲೂ ಇಂಥ ಫೋಟೊ ಇದ್ದರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಮತ್ತೆ ಬಿಡಿಸೋಕೆ ಆಗಲ್ಲ. ಹಿಂದೆ ಬರೆಯೋದಾದರೆ ಮೆತ್ತನೆ ಪೆನ್ಸಿಲ್ ಬಳಸಿ, ಪೆನ್ನು ಬೇಡ. ತುಕ್ಕು ಹಿಡಿದ ಪಿನ್ನುಗಳನ್ನು ಎಳೆಯದೆ ಹಾಗೇ ತನ್ನಿ, ನಾವೇ ತೆಗೆಯುತ್ತೇವೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಮುಂದಿನ ಸರದಿ ಕಲ್ಯಾಣ ಮಂಟಪದ ಒಳಗಿನ ಫೋಟೊಗಳದ್ದು. ದುರಸ್ತಿಗೆ ಮುಂಚಿನವು ನಮ್ಮ ಬಳಿ ತೀರಾ ಕಡಿಮೆ ಇವೆ. ಆ ವರ್ಷಗಳಲ್ಲಿ ಅಲ್ಲಿ ಓದಿದವರು, ಕೆಲಸ ಮಾಡಿದವರು ಗೊತ್ತಿದ್ದರೆ ತಿಳಿಸಿ, ನಾವೇ ಅವರ ಮನೆಗೆ ಬರುತ್ತೇವೆ.