ಗಡಿಯಾಚೆಯ ಬಾಬುಕೋಡಿ

ಪೆರ್ಲದಿಂದ ವಿಟ್ಲಕ್ಕೆ ಹೋಗುವ ಬಸ್ಸು ಕೇರಳದ ಗಡಿ ದಾಟುವಾಗೆಲ್ಲ ನನಗೆ ರಂಗನಿರ್ದೇಶಕ ಬಿ.ವಿ. ಕಾರಂತರ ನೆನಪಾಗುತ್ತದೆ. ಅವರ ಊರು ಬಂಟ್ವಾಳ ತಾಲೂಕಿನ ಮಂಚಿ. ಹೆಸರಿನ ಮೊದಲಿನ ‘ಬಿ’ ಅಂದರೆ ಬಾಬುಕೋಡಿ. 1929ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪೆನಿ ಸೇರಿದರು. ಆಮೇಲೆ ಕಾಶಿ, ದೆಹಲಿ, ಭೋಪಾಲ್, ಮೈಸೂರಿನ ರಂಗಾಯಣ. ಅದೆಲ್ಲ ಎಲ್ಲರಿಗೂ ಗೊತ್ತಿರುವುದೇ.

ನನ್ನನ್ನು ಕಾಡುವುದು 1972. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಭಾಗದ ಬಯಲಿನಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’, ಲಂಕೇಶರ ‘ಸಂಕ್ರಾಂತಿ’, ಅವರೇ ಕನ್ನಡಕ್ಕೆ ತಂದ ‘ಈಡಿಪಸ್’, ಮೂರನ್ನೂ ಕಾರಂತರೇ ಆಡಿಸಿದರು. ಕವಿಗಳು, ಕತೆಗಾರರು ಬರೆದ ಹೊಸ ನಾಟಕಗಳಿಗೆ ಅಲ್ಲಿ ಮೈ ಬಂತು. ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ಪೋಣಿಸಿದ್ದಂತೂ ಶುದ್ಧ ಕಾರಂತತನ. ನಾಟಕಕಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಉಂಟೇ? (ತಾಳಮದ್ದಳೆ ಕೇಳಿ ಬೆಳೆದ ನನಗೆ ಹಾಡಿಲ್ಲದ ನಾಟಕ ಸಪ್ಪೆ. ಇದು ನನ್ನ ಪಕ್ಷಪಾತ.)

ನಾನೂ ಒಮ್ಮೆ ನಾಟಕ ಬರೆದಿದ್ದೆ, ಶಾಲೆಯ ವಾರ್ಷಿಕೋತ್ಸವಕ್ಕೆ. ಅಡಿಕೆ ವ್ಯಾಪಾರಿಯೊಬ್ಬನ ಮಾತೇ ಎರಡು ಪುಟ. ಆಡಿಸಲು ಬಂದವರು ಓದಿ, ಪೆನ್ಸಿಲಿನಿಂದ ಅಷ್ಟನ್ನೂ ಹೊಡೆದು ಹಾಕಿ, “ಮಾಷ್ಟ್ರೇ, ಇಲ್ಲಿ ಅವನು ಸುಮ್ಮನೆ ಅಡಿಕೆ ಸುಲಿಯಲಿ” ಎಂದರು. ನನಗೆ ಕೋಪ ಬಂದು ಮೂರು ದಿನ ಅಭ್ಯಾಸಕ್ಕೆ ಹೋಗಲಿಲ್ಲ. ಪ್ರದರ್ಶನದ ರಾತ್ರಿ ಆ ಹುಡುಗ ಮಾತಿಲ್ಲದೆ ಅಡಿಕೆ ಸುಲಿಯುತ್ತಾ ಕುಳಿತಾಗ, ಮುಂದಿನ ಸಾಲಿನಲ್ಲಿದ್ದ ನನ್ನ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.