ಹಾಸ್ಯದ ಕಪಾಟು, ಆಸ್ಪತ್ರೆಯ ಬೆಂಚು

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹಾಸ್ಯಕ್ಕೆ ಇದ್ದದ್ದು ಒಂದೇ ಕಪಾಟು. ಅದರಲ್ಲೂ ಬೆನ್ನು ಕಿತ್ತುಹೋದ ಪುಸ್ತಕಗಳೇ ಜಾಸ್ತಿ. ಕಾಲೇಜು ಬಿಟ್ಟವರಿಗೆ ಆ ಕಪಾಟು ನೆನಪಾಗುವುದು ಸುಖದಲ್ಲಿರುವಾಗಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುವಾಗ, ಕೆಲಸ ಹೋದಾಗ.

ಕಷ್ಟದಲ್ಲಿರುವವರಿಗೆ ನಗು ಬೇಡವೆಂದಲ್ಲ, ನೆನಪಿಟ್ಟುಕೊಂಡು ಓದುವ ತ್ರಾಣ ಇರುವುದಿಲ್ಲ. ಹಿಂದಿನ ಪುಟದಲ್ಲಿ ಬಂದವರು ಯಾರು ಅನ್ನುವುದು ಈ ಪುಟಕ್ಕೆ ಮರೆತಿರುತ್ತದೆ. ನಡುವೆ ನರ್ಸ್ ಕರೆಯುತ್ತಾರೆ, ಫೋನ್ ಬರುತ್ತದೆ. ಆದ್ದರಿಂದ ಪುಸ್ತಕ ಎಷ್ಟು ನಗಿಸುತ್ತದೆ ಅನ್ನುವುದಕ್ಕಿಂತ, ಎಲ್ಲಿ ಬೇಕಾದರೂ ನಿಲ್ಲಿಸಬಹುದೇ ಅನ್ನುವುದನ್ನು ಮೊದಲು ನೋಡಬೇಕು. ಈ ಲೆಕ್ಕದಲ್ಲಿ ನಾ. ಕಸ್ತೂರಿಯವರ ‘ಅನರ್ಥಕೋಶ’ಕ್ಕೆ ಸಾಟಿಯಿಲ್ಲ. ನಿಘಂಟಿನ ರೂಪ: ಒಂದು ಪದ, ಅದಕ್ಕೊಂದು ತಲೆಕೆಳಗಾದ ಅರ್ಥ, ಮುಗಿಯಿತು. ಐದು ಪದ ಓದಿ ಮುಚ್ಚಿಟ್ಟರೂ ನಷ್ಟವಿಲ್ಲ. ಬೀಚಿಯವರ ತಿಮ್ಮನೂ ಹೀಗೆಯೇ ಒದಗುತ್ತಾನೆ. ಆದರೆ ಒಟ್ಟಿಗೇ ಇಪ್ಪತ್ತು ನಗೆಹನಿ ಓದಿದರೆ ನಾಲಿಗೆ ಜಡ್ಡುಗಟ್ಟುತ್ತದೆ. ಉಪ್ಪಿನಕಾಯಿಯನ್ನೇ ಊಟ ಮಾಡಲಾಗುವುದಿಲ್ಲವಲ್ಲ, ನಾಲ್ಕು ಸಾಕು.

ಕೈಲಾಸಂ ನಾಟಕಗಳ ಮಾತು ಬೇರೆ. ಆ ಕನ್ನಡ-ಇಂಗ್ಲಿಷ್ ಬೆರಕೆ ಮಾತನ್ನು ಕಣ್ಣಲ್ಲಿ ಓದಿದರೆ ತೊಡರುತ್ತದೆ, ಬಾಯಲ್ಲಿ ಹೇಳಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಪಾತ್ರ ಹಂಚಿಕೊಳ್ಳಲು ಇಬ್ಬರಾದರೂ ಬೇಕು, ಹಾಗಾಗಿ ಅದು ಮನೆಗೆ ಸರಿ, ವಾರ್ಡಿಗಲ್ಲ. ನಿದ್ದೆ ಬಾರದ ರಾತ್ರಿಗೆ ಗೊರೂರರ ಪ್ರಬಂಧಗಳಾಗಬಹುದು. ಅವರದು ಅವಸರವಿಲ್ಲದ ನಗೆ.

ರೋಗಿಗೆ ಓದಿ ಹೇಳುವುದಾದರೆ ಹತ್ತು ನಿಮಿಷ, ಎರಡು ಮೂರು ಪುಟ. ಅಷ್ಟನ್ನೂ ಮೊದಲೇ ಹೊರಗೆ ಕೂತು ಒಮ್ಮೆ ಓದಿಕೊಳ್ಳಿ. ಸಾವು, ಚಟ್ಟ, ಡಾಕ್ಟರರ ಜೋಕು ದಿಢೀರನೆ ಎದುರಾದರೆ ಓದುವವರ ದನಿಯೇ ಕೈಕೊಡುತ್ತದೆ. ರೋಗಿಯೇ ಅಂಥ ಜೋಕು ಎತ್ತಿದರೆ ತಡೆಯಬೇಡಿ, ಅದು ಅವರ ಹಕ್ಕು. ಹಳೆಯ ಹಾಸ್ಯದಲ್ಲಿ ಹೆಂಡತಿಯನ್ನು ಆಡಿಕೊಳ್ಳುವುದು ಹೇರಳ. ಹಗಲಿರುಳು ಪಕ್ಕದಲ್ಲಿ ಕೂತು ಆರೈಕೆ ಮಾಡುತ್ತಿರುವ ಆಕೆಯೂ ಕೇಳಿಸಿಕೊಳ್ಳುತ್ತಿರುತ್ತಾರೆ, ಆ ಪುಟ ಹಾರಿಸಿ. ಇನ್ನೊಂದು: ಹೊಟ್ಟೆಯ ಆಪರೇಷನ್ ಆದವರಿಗೆ ನಕ್ಕರೆ ಹೊಲಿಗೆ ಎಳೆಯುತ್ತದೆ. ಕೆಮ್ಮುವಾಗ ಹೇಳಿಕೊಡುವ ಹಾಗೆ ದಿಂಬನ್ನು ಗಾಯದ ಮೇಲೆ ಮೆತ್ತಗೆ ಒತ್ತಿ ಹಿಡಿದುಕೊಳ್ಳಲಿ. ಮೊದಲ ಒಂದೆರಡು ದಿನ ಓದದಿದ್ದರೆ ಇನ್ನೂ ಒಳ್ಳೆಯದು.

ಕಪಾಟಿನ ಕೆಳಗಿನ ಸಾಲಿನಲ್ಲಿ ‘ಕೊರವಂಜಿ’ಯ ಬೈಂಡುಗಳಿದ್ದವು. ಆ ಮಾಸಪತ್ರಿಕೆ ಶುರುವಾದದ್ದು 1942ರಲ್ಲಿ: ಹೊರಗೆ ಮಹಾಯುದ್ಧ, ಒಳಗೆ ಚಲೇಜಾವ್ ಚಳವಳಿ. ನಗೆಪತ್ರಿಕೆಗೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಕ್ಕುವುದು ಕಷ್ಟ. ಆದರೂ 1967ರವರೆಗೆ ನಡೆಯಿತು. ಆರ್.ಕೆ. ಲಕ್ಷ್ಮಣ್ ಎಳೆವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದಿದ್ದರು. ನಡೆಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರೋಗಿಗಳನ್ನು ದಿನವೂ ನೋಡುತ್ತಿದ್ದವರ ಪತ್ರಿಕೆಯಾದ್ದರಿಂದಲೋ ಏನೋ, ಬರಹಗಳು ಚಿಕ್ಕವು, ಒಂದು ಗುಟುಕಿನವು.

ಈಗಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಅಂಥ ಹಳೆಯ ಸಂಚಿಕೆ ಕೈಗೆ ಸಿಕ್ಕರೆ ಜೆರಾಕ್ಸ್ ಯಂತ್ರದ ಮೇಲೆ ಅಗಲಿಸಿ ಒತ್ತಬೇಡಿ. ಆ ಕಾಲದ ಅಗ್ಗದ ಕಾಗದ ತನ್ನೊಳಗಿನ ಆಮ್ಲಕ್ಕೇ ಸೊರಗಿ ಹಪ್ಪಳವಾಗಿರುತ್ತದೆ, ಮಡಿಕೆಯಲ್ಲೇ ಮುರಿಯುತ್ತದೆ. ಅರ್ಧ ತೆರೆದು ಎರಡೂ ಕಡೆ ಪುಸ್ತಕದ ಆಸರೆ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆದುಕೊಳ್ಳಿ. ಬೆಂಚಿನ ಮೇಲೆ ಕೂರುವ ರಾತ್ರಿ ಜೇಬಿನಲ್ಲಿರುವುದು ಅದೇ ಮೊಬೈಲು.